ನಲವತ್ತಾರು ವರ್ಷ ಸೈಕಲ್ ತುಳಿದ ಕಾಲು ಪಂಕ್ತಿಯಿಂದ ಏಳಾಕ ಯಾಕ ಒಲ್ಲೆ ಅಂತಾವ?

ಟಪಾಲು ಕಾಕಾ, ಬಾಗಲಕೋಟೆ
ಜೂನ್ 9, ಬೆಳಿಗ್ಗೆ 5:50

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಹುಡುಗೂರು ಜಿಮ್ಮು, ಬೂಟು, ಮೊಣಕಾಲು ನೋವು ಅಂತ ಬರೀತಿರ್ತಾರ, ನಾ ಸುಮ್ನ ಓದ್ಕೊಂತ ಹೋಗ್ತಿದ್ದೆ. ಇವತ್ತ ನಂದೂ ಒಂದ ಪ್ರಶ್ನಿ ಐತಿ. ಮೊಬೈಲಿನಾಗ ಟೈಪ್ ಮಾಡೂದು ಮೊಮ್ಮಗಳು ಕಲಿಸ್ಯಾಳ, ತಪ್ಪಾಗಿದ್ರ ಅಕಿಗೆ ಬೈರಿ.

ನನಗ ಈಗ 68. ನವನಗರದಾಗ ಮನಿ. 1979ರಾಗ ಟಪಾಲ್ ಕೆಲಸಕ್ಕ ಹತ್ತಿದೆ. ಆಗ ನಮ್ಮಂಥವರಿಗೆ ‘ಇ.ಡಿ.’ (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಅಂತಿದ್ರು, ಮುಂದ ಗ್ರಾಮೀಣ ಡಾಕ್ ಸೇವಕ ಅಂದ್ರು. ಹೆಸರು ಬದಲಾತು, ಸೈಕಲ್ ಬದಲಾಗ್ಲಿಲ್ಲ. ಕಲಾದಗಿ ಕಡೆ ಹಳ್ಳಿ ತಿರುಗೂದು, ದಿನಾ ಮೂವತ್ತು ಕಿಲೋಮೀಟರಿಗೆ ಕಮ್ಮಿ ಇಲ್ಲ. ಮಳಿಗಾಲದಾಗ ಎರಿ ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ಜಾಮ್ ಆದ್ರ ನಾ ಸೈಕಲ್ ಮ್ಯಾಲೆ ಅಲ್ಲ, ಸೈಕಲ್ಲೇ ನನ್ನ ಹೆಗಲ ಮ್ಯಾಲೆ. 2022ರಾಗ ರಿಟೈರ್ ಆದೆ, ಆದ್ರ ತುಳಿಯೂದು ಬಿಟ್ಟಿಲ್ಲ. ಈಗೂ ಐತವಾರ ಐತವಾರ ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿಗೆ ಹೋಗಿ ಬರ್ತೀನಿ, ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್. ತೇಕು ಬರೂದಿಲ್ಲ. ಬಿ.ಪಿ. ಇಲ್ಲ, ಸಕ್ಕರಿ ಇಲ್ಲ, ಮುಂಜಾನೆ ಎದ್ದಾಗ ನಾಡಿ ಎಣಿಸಿದ್ರ 52.

ಈಗ ಸಂಗತಿ ಕೇಳ್ರಿ. ಹೋದ ತಿಂಗಳು ಮುಧೋಳದಾಗ ತಂಗಿ ಮಗಳ ಲಗ್ನ. ಬಫೆ ಇತ್ತು, ಆದ್ರ ಹಿರ್ಯಾರಿಗೆ ಅಂತ ನೆಲದ ಮ್ಯಾಲೆ ಒಂದ ಪಂಕ್ತಿ ಹಾಕಿದ್ರು. ಕುಂತೆ. ಹೋಳಿಗಿ, ಕಟ್ಟಿನ ಸಾರು, ಎಣ್ಣಿಗಾಯಿ, ಸಾವಕಾಶ ಉಂಡೆ. ಮಂದಿ ಎದ್ದು ಕೈ ತೊಳ್ಯಾಕ ಹೊಂಟ್ರು, ನಾನೂ ಏಳಾಕ ಹೋದೆ. ಎಡಗೈ ಎಲಿ ಬಾಜು ಊರಿದೆ. ಕುಂಡಿ ಒಂದ ಗೇಣು ಮ್ಯಾಲೆ ಬಂತು, ಅಲ್ಲೇ ತೊಡಿ ತರತರ ನಡುಗಿದ್ವು, ಮತ್ತ ನೆಲಕ್ಕ ಕುಂತೆ. ಎರಡನೇ ಸಲನೂ ಹಂಗ. ಬಲಗೈ ಎಂಜಲು, ಅದನ್ನ ಊರಾಂಗಿಲ್ಲ. ಕಡೀಕ ನೀಡಾಕ ಬಂದ ಹುಡುಗ ಸಾರಿನ ಬಕೀಟು ಕೆಳಗಿಟ್ಟು ಬಗಲಾಗ ಕೈ ಹಾಕಿ ಎಬ್ಬಿಸಿದ. “ಜ್ವಾಕಿ ಅಜ್ಜಾ” ಅಂದ. ಆ ‘ಅಜ್ಜಾ’ ಭಾಳ ನಟ್ಟಿತು.

ನನ್ನ ಬಾಜು ಕುಂತಿದ್ದಂವ ನಮ್ಮ ದೊಡ್ಡಪ್ಪನ ಮಗ, 71. ಹರೇದಾಗ ಜಾತ್ರಿ ಜಾತ್ರಿಗೆ ಹೋಗಿ ಸಂಗ್ರಾಣಿ ಕಲ್ಲು ಎತ್ತಿದಂವ. ಅಂವ ಕೈ ಎಲ್ಲೂ ಊರದ ಎದ್ದ ಹೋದ. ಆದ್ರ ಇದ ಮನಿಷ್ಯಾ ಬಾದಾಮಿ ಮೇಣಬಸದಿ ನೋಡಾಕ ಹೋದಾಗ ಎರಡನೇ ಗುಹೆ ಮುಂದ ಕುಂತಬಿಟ್ಟಿದ್ದ. ನಾ ನಾಲ್ಕನೇದು ನೋಡಿ ಇಳದ ಬಂದ್ರೂ ಅವನ ತೇಕು ನಿಂತಿರ್ಲಿಲ್ಲ.

ಇನ್ನೊಂದು. ಮನ್ನೆ ಹೊಸ್ತಿಲಿಗೆ ಕಾಲು ತಾಕಿತು. ಮದ್ಲಾಗಿದ್ರ ಇನ್ನೊಂದು ಕಾಲು ತಾನ ಮುಂದ ಬಂದು ಹಿಡೀತಿತ್ತು. ಈ ಸಲ ಬರೂದರಾಗ ನಾ ಬಾಗಲ ಚೌಕಟ್ಟು ಹಿಡದ ನಿಂತಿದ್ದೆ. ತೋಳಂತೂ ಬನೀನಿನೊಳಗ ಹಗ್ಗ ಜೋತುಬಿಟ್ಟಂಗ ಆಗ್ಯಾವ.

ಒಂದ ದವಾಖಾನಿಗೆ ಹೋದೆ. ಹೆಸರು ಬ್ಯಾಡ. ಕಾಲು ಮುಟ್ಟಿ ಸೈತ ನೋಡ್ಲಿಲ್ಲ. “ಅಷ್ಟ ವರ್ಷ ಸೈಕಲ್ ಹೊಡದ ಖಂಡ ಸವದಾವ, ಇನ್ನ ಬಿಟ್ಟಬಿಡ್ರಿ” ಅಂತ ಹೇಳಿ ಒಂದ ಪುಡಿ ಡಬ್ಬಿ ಕೊಟ್ಟು ಎರಡ ಸಾವಿರದ ನಾನೂರು ರೂಪಾಯಿ ತಗೊಂಡ್ರು. ಡಬ್ಬಿ ಇನ್ನೂ ಒಡದಿಲ್ಲ.

ನಾ ಕೇಳೂದು ಇಷ್ಟ. ಸೈಕಲ್ ನನ್ನ ಖಂಡ ತಿಂತೋ, ಉಳಿಸ್ತೋ? ಉಳಿಸಿದ್ದ ಖರೇ ಆದ್ರ ಪಂಕ್ತಿಯೊಳಗ ಯಾಕ ಕೈ ಕೊಡ್ತು?

——

ತಿಲಕವಾಡಿ ಫಿಜಿಯೋ, ಬೆಳಗಾವಿ
ಜೂನ್ 9, ರಾತ್ರಿ 9:35

ಕಾಕಾ, ಸೈಕಲ್ ನಿಮ್ಮ ಖಂಡ ತಿಂದಿಲ್ಲ. ಅದನ್ನ ಮೊದಲು ತಲಿಯಿಂದ ತೆಗೀರಿ. ಸೈಕಲ್ ಏನು ಉಳಿಸ್ತು, ಏನು ಉಳಿಸೂದು ಅದರ ಕೈಯಾಗ ಇರಲೇ ಇಲ್ಲ, ಇವೆರಡೂ ಬೇರೆ ಲೆಕ್ಕ.

ನಿಮ್ಮ ಖಾತೆಯ ಭಾಷಾದಾಗೇ ಹೇಳ್ತೀನಿ. ಸ್ನಾಯುವಿನೊಳಗ ಮುಖ್ಯವಾಗಿ ಎರಡು ನಮೂನಿ ಎಳೆ ಇರ್ತಾವ. ಒಂದು ನಿಧಾನದ್ದು. ಅದು ಟಪಾಲು. ಮೂವತ್ತು ಕಿಲೋಮೀಟರ್ ಹೋಗಿ ಬರ್ತದ, ದಣಿಯೂದಿಲ್ಲ, ಆದ್ರ ಅವಸರ ಮಾಡೂದಿಲ್ಲ. ಇನ್ನೊಂದು ವೇಗದ್ದು. ಅದು ತಾರು, ಅಂದ್ರ ಟೆಲಿಗ್ರಾಂ. ಎಡವಿದಾಗ ಕಾಲು ಮುಂದಿಡೂದು, ನೆಲದಿಂದ ಒಮ್ಮೆಲೇ ಮೇಲೇಳೂದು, ಚೀಲ ಹೆಗಲಿಗೆ ಎಸಿಯೂದು ಅದರ ಕೆಲಸ. ವಯಸ್ಸಾದಂಗ ಹೆಚ್ಚಾಗಿ ಸೊರಗೂದು ಈ ತಾರಿನ ಎಳೆಗಳೇ. ಸಮತಟ್ಟು ರಸ್ತೆದಾಗ ಒಂದೇ ಸಮ ತುಳಿಯೂದು ಪೂರ್ತಿ ಟಪಾಲಿನ ಕೆಲಸ, ತಾರಾಫೀಸಿಗೆ ಅಲ್ಲಿ ಕೆಲಸಾನೇ ಇಲ್ಲ. ದೇಶದಾಗ ತಾರು 2013ರಾಗ ಬಂದಾತು. ನಿಮ್ಮ ತೊಡಿಯೊಳಗ ಅದು ಮೊದಲೇ ಬಾಗಲಾ ಹಾಕ್ಕೊಳ್ಳಾಕ ಶುರು ಮಾಡಿತ್ತು.

ಇದರ ಹಿಂದ ನರದ ಕಥಿ ಐತಿ. ಬೆನ್ನುಹುರಿಯಿಂದ ಬರೋ ಒಂದೊಂದು ನರಕೋಶ ಒಂದೊಂದು ಕಂತಿ ಎಳೆಗಳನ್ನ ಆಳ್ತದ. ಅರವತ್ತು ದಾಟಿದ ಮೇಲೆ ಇಂಥ ಕೋಶ ಒಂದೊಂದಾಗಿ ಹೋಗ್ತಾವ. ಅನಾಥ ಆದ ಎಳೆಗಳನ್ನ ಬಾಜುವಿನ ನರ ದತ್ತು ತಗೊಂಡ್ರ ಉಳೀತಾವ, ಇಲ್ಲಂದ್ರ ಒಣಗ್ತಾವ. 2015ರಾಗ ಆಸ್ಟ್ರಿಯಾ–ಇಟಲಿಯ ಒಂದು ತಂಡ ಹತ್ತಿರ ಹತ್ತಿರ ನಿಮ್ಮ ವಯಸ್ಸಿನವರ ತೊಡಿಯಿಂದ ಸ್ನಾಯುವಿನ ಚೂರು ತೆಗೆದು ನೋಡಿತು. ದಶಕಗಟ್ಟಲೆ ವ್ಯಾಯಾಮ ಮಾಡಿಕೊಂತ ಬಂದವರಲ್ಲಿ ಈ ‘ದತ್ತು’ ಹೋದ ಎಳೆಗಳ ಗುಂಪು ಹೆಚ್ಚು ಕಂಡ್ವು. ಅಂದ್ರ ಅವರ ದೇಹ ಕಳಕೊಂಡದ್ದನ್ನ ಬಿಡದೆ ಮರಳಿ ಜೋಡಿಸ್ತಾ ಬಂದಿತ್ತು. ಆದ್ರ ದತ್ತು ತಗೊಳ್ಳೂದು ಬಹಳ ಸಲ ನಿಧಾನದ ನರ, ಹಿಂಗಾಗಿ ವೇಗದ ಎಳೆನೂ ನಿಧಾನದ್ದಾಗ್ತದ.

ಇನ್ನ ನಿಮ್ಮ ಪ್ರಶ್ನೆಗೆ ಎಲ್ಲಾಕಿಂತ ಹತ್ತಿರದ ಉತ್ತರ ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ್ದು. ಸರಾಸರಿ 74 ವರ್ಷದವರು, 52 ವರ್ಷ ವಾರಕ್ಕ 5 ದಿನ, ವಾರಕ್ಕ ಒಟ್ಟು 7 ತಾಸು ವ್ಯಾಯಾಮ ಮಾಡಿದವರು. 2018ರಾಗ ಬಂದ ಫಲಿತಾಂಶ: ಅವರ ಸ್ನಾಯುವಿನೊಳಗಿನ ಸೂಕ್ಷ್ಮ ರಕ್ತನಾಳಗಳು, ಆಮ್ಲಜನಕ ಉರಿಸೋ ಕಿಣ್ವಗಳು 25ರ ಹರೇದವರ ಮಟ್ಟದಾಗೇ ಇದ್ವು. ಅದೇ ಮಂದಿಯ ತೊಡಿ ಗಾತ್ರ, ಬಲ ಅಳೆದು 2020ರಾಗ ಮತ್ತ ಬರೆದ್ರು. ಗಂಡಸರೊಳಗ ತೊಡಿ ಮುಂಭಾಗದ ಖಂಡದ ಸವಕಳಿ ಅರ್ಧದಷ್ಟು ತಪ್ಪಿತ್ತು. ಅರ್ಧ! ಆದ್ರ ಖಂಡ ಬಿಗಿಯೋ ವೇಗ, ಒಮ್ಮೆಲೇ ಒದಗೋ ಶಕ್ತಿ, ಇವಕ್ಕ ಆ ಐವತ್ತು ವರ್ಷದ ವ್ಯಾಯಾಮದಿಂದ ಏನೂ ರಕ್ಷಣೆ ಸಿಕ್ಕಿರಲಿಲ್ಲ. ಕಲಾದಗಿ ದಾರಿ ಮತ್ತ ಮುಧೋಳದ ಪಂಕ್ತಿ, ನಿಮ್ಮ ಎರಡೂ ಕಥಿ ಇದರಾಗ ಅದಾವ ನೋಡ್ರಿ.

ಮನಿಯಾಗೇ ಎರಡು ಪರೀಕ್ಷೆ ಮಾಡ್ರಿ. ಕೈ ಎದಿಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂಡ್ರಿ, ಎಷ್ಟು ಸೆಕೆಂಡ್ ಅಂತ ಮೊಮ್ಮಗಳು ಎಣಿಸಲಿ. ಆಮೇಲೆ ಮೀನಖಂಡದ ದಪ್ಪನ್ನ ಜಾಗಾ ಟೇಪಿನಿಂದ ಅಳೀರಿ. ಏಷ್ಯಾದ ತಜ್ಞರ ಗುಂಪು 2019ರಾಗ ಹಾಕಿದ ಗೆರಿ ಹಿಂಗೈತಿ: ಐದು ಸಲಕ್ಕ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದ್ರ, ಗಂಡಸರ ಮೀನಖಂಡ 34 ಸೆಂಟಿಮೀಟರಿಗಿಂತ ಕಮ್ಮಿ ಇದ್ರ, ಮುಂದಿನ ತಪಾಸಣೆ ಬೇಕು. ಬರೇ ಟೇಪು ನೋಡಿ ರೋಗ ಅಂತ ಹೆಸರಿಡಬ್ಯಾಡ್ರಿ. ತೂಕ ಸುಮ್ನ ಇಳೀತಿದ್ರ, ಒಂದೇ ಕಾಲು ಸಣ್ಣ ಆಗ್ತಿದ್ರ, ಕೊಲೆಸ್ಟ್ರಾಲ್ ಇಳಿಸೋ ಗುಳಿಗಿ ಶುರು ಮಾಡಿದ ಮೇಲೆ ನಿತ್ರಾಣ ಬಂದಿದ್ರ ಮಾತ್ರ ತಡ ಮಾಡದ ಬೇರೆ ಡಾಕ್ಟರ್ ಹತ್ರ ಹೋಗ್ರಿ. ಥೈರಾಯ್ಡ್, ಡಿ ಮತ್ತ ಬಿ12 ಜೀವಸತ್ವ ಒಮ್ಮೆ ನೋಡಿಸೂದು ಚಲೋ.

——

ಗರಡಿ ಮನಿ ಮುದುಕ, ಜಮಖಂಡಿ
ಜೂನ್ 10, ಮಧ್ಯಾಹ್ನ 1:15

ಟಪಾಲಪ್ಪ, ನಿಮ್ಮ ದೊಡ್ಡಪ್ಪನ ಮಗ ನಮ್ಮ ಪೈಕಿ ಮನಿಷ್ಯಾ. ಆದ್ರ ಅವನ್ನ ನೋಡಿ ಹೊಟ್ಟಿ ಉರಕೋಬ್ಯಾಡ. ನಾನೂ ಮೂವತ್ತ ವರ್ಷ ಕೆಂಪ ಮಣ್ಣಾಗ ಹೊರಳ್ಯಾಡಿದಂವ. ದಿನಾ ಐನೂರು ಬಸ್ಕಿ. ತೊಡಿ ಹೆಂಗಿದ್ವಂದ್ರ ಪ್ಯಾಂಟು ಹೊಲ್ಯಾಂವ ಜಾಸ್ತಿ ರೊಕ್ಕಾ ಕೇಳ್ತಿದ್ದ. ಐವತ್ತಕ್ಕ ಗರಡಿ ಬಿಟ್ಟೆ. ಖುರಾಕು ಬಿಡ್ಲಿಲ್ಲ. ಹಾಲು, ಬದಾಮಿ, ತುಪ್ಪ ಹಂಗ ನಡದಿತ್ತು. ಎಲ್ಲಾ ಹೊಟ್ಟಿಗಿ ಬಂತು.

ಹೋದ ವರ್ಷ ಹರ್ನಿಯಾ ಆಪರೇಷನ್ ಆತು. ಮನಿ ಮಂದಿ ಪ್ರೀತಿಯಿಂದ ಮೂರ ವಾರ ಹಾಸಿಗಿ ಬಿಟ್ಟು ಏಳಸ್ಲಿಲ್ಲ. ಎದ್ದ ನೋಡಿದ್ರ ತೊಡಿ ಅನ್ನೂವು ಯಾರವೋ ಬ್ಯಾರೇದವರವು. ಮೂವತ್ತ ವರ್ಷದ ಗಳಿಕಿ ಮೂರ ವಾರದಾಗ. ಫಿಜಿಯೋ ತಂಗಿ, ಇದು ಹೆಂಗವ್ವಾ?

——

ಹಿಟ್ನಳ್ಳಿ ಮಾಸ್ತರ, ವಿಜಯಪುರ
ಜೂನ್ 10, ಸಂಜೆ 6:40

ಒಂದು ತಕರಾರು. ಎಪ್ಪತ್ತನಾಲ್ಕಕ್ಕೂ ಗಟ್ಟಿ ಇದ್ದವರನ್ನಷ್ಟೇ ಆರಿಸಿ ತಂದು ಅಳೆದು “ನೋಡ್ರಿ ವ್ಯಾಯಾಮದ ಮಹಿಮಾ” ಅಂದ್ರ ಹೆಂಗ? ಮೊಣಕಾಲು ಹೋದವರು, ಎದಿ ಹಿಡಕೊಂಡು ನಡುವೇ ಬಿಟ್ಟವರು ಆ ಪಟ್ಟಿಯೊಳಗ ಇರೂದೇ ಇಲ್ಲ. ಹುಟ್ಟಿನಿಂದ ಗಟ್ಟಿ ಇದ್ದವರೇ ವ್ಯಾಯಾಮ ಮುಂದುವರಿಸ್ಯಾರೋ, ವ್ಯಾಯಾಮದಿಂದ ಗಟ್ಟಿ ಆಗ್ಯಾರೋ? ನಾನು ಗಣಿತ ಕಲಿಸಿದವನು, ಕೇಳದೇ ಇರಾಕ ಆಗೂದಿಲ್ಲ.

——

ತಿಲಕವಾಡಿ ಫಿಜಿಯೋ, ಬೆಳಗಾವಿ
ಜೂನ್ 10, ರಾತ್ರಿ 10:20

ಮಾಸ್ತರ, ನಿಮ್ಮ ತಕರಾರು ಖರೇನೇ, ಈ ಅಧ್ಯಯನಗಳ ದೊಡ್ಡ ಊನ ಅದು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 55ರಿಂದ 79 ವಯಸ್ಸಿನ 125 ಸೈಕಲ್ ಸವಾರರನ್ನ ಪರೀಕ್ಷೆ ಮಾಡಿದ್ರು. ಒಳಗ ಬರಾಕ ಷರತ್ತು ಏನಿತ್ತು ಗೊತ್ತಾ? ಗಂಡಸರಾದ್ರ ಆರೂವರೆ ತಾಸಿನೊಳಗ 100 ಕಿಲೋಮೀಟರ್, ಹೆಂಗಸರಾದ್ರ ಐದೂವರೆ ತಾಸಿನೊಳಗ 60 ಹೊಡೀಬೇಕು. ಅಂಥವರ ತೊಡಿ ಖಂಡದಾಗ ವಯಸ್ಸಿನ ಗುರುತು ಹುಡುಕಿದ್ರ ಹೆಚ್ಚೇನೂ ಸಿಗಲಿಲ್ಲ. ಸಿಗೂದಾದ್ರೂ ಹೆಂಗ, ಜರಡಿ ಹಿಡಿದೇ ಒಳಗ ಬಿಟ್ಟಿದ್ರು! ಆದ್ರೂ 2018ರಾಗ ಒಂದು ಅವಳಿ ಜೋಡಿಯ ವರದಿ ಬಂತು. ತದ್ರೂಪಿ ಅಣ್ಣ-ತಮ್ಮ, 52 ವರ್ಷ, ಒಬ್ಬ ಮೂವತ್ತು ವರ್ಷ ದೂರದ ಓಟ-ಸೈಕಲ್ಲು ಮಾಡಿದವ, ಇನ್ನೊಬ್ಬ ಮಾಡದವ. ರಕ್ತ ಒಂದೇ, ಆದ್ರ ಓಡಿದವನ ತೊಡಿಯೊಳಗ ನಿಧಾನದ ಎಳೆಗಳ ಪಾಲು ಬಹಳ ಹೆಚ್ಚಿತ್ತು. ಒಂದೇ ಜೋಡಿ, ಒಪ್ಪಿದೆ. ಆದ್ರ ಹುಟ್ಟುಗುಣ ಅಷ್ಟೇ ಅನ್ನಾಕ ಬರೂದಿಲ್ಲ.

ಜಮಖಂಡಿ ಅಜ್ಜಾರ, ಹಾಸಿಗಿ ಅನ್ನೂದು ಮುಪ್ಪಿನಕಿಂತ ವೇಗದ್ದು. ಆರೋಗ್ಯವಂತ ಹಿರಿಯರನ್ನ ಬರೇ 10 ದಿನ ಮಲಗಿಸಿ ನೋಡಿದ್ದು 2007ರಾಗ ಪ್ರಕಟ ಆಗೇದ. ಕಾಲಿನಿಂದ ಹತ್ತಿರ ಹತ್ತಿರ ಒಂದು ಕೇಜಿ ಕೊಬ್ಬಿಲ್ಲದ ಖಂಡ ಹೋಗಿತ್ತು, ಹತ್ತೇ ದಿನಕ್ಕ. ನೀವು ಮೂರು ವಾರ ಮಲಗೀರಿ. ನಾ ದಿನಾ ನೋಡ್ತೀನಿ, ಆಪರೇಷನ್ ಆದವರನ್ನ ಮನಿಯವರು ನೀರು ಸೈತ ಹಾಸಿಗಿಗೇ ತಂದು ಕೊಡ್ತಾರ, ಸೇವೆ ಮಾಡೇವಿ ಅನಕೋತಾರ. ಡಾಕ್ಟರ್ ಬ್ಯಾಡ ಅನ್ನದ ಹೊರತು ಎಬ್ಬಿಸಿ ನಡೆಸ್ರಿ.

ಖಂಡ ಹೋದ್ರ ಹೋತು ಅಂತನೂ ಅಲ್ಲ. 1990ರಾಗ ಬಾಸ್ಟನ್ನಿನಾಗ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದ್ರು. ಕಾಲಿನ ಬಲ ಸರಾಸರಿ 174 ಪ್ರತಿಶತ ಏರಿತ್ತು.

——

ಇಳಕಲ್ಲ ಸೊಸಿ
ಜೂನ್ 11, ಬೆಳಿಗ್ಗೆ 11:05

ನಮ್ಮ ಅತ್ತಿ ಇಪ್ಪತ್ತ ವರ್ಷದಿಂದ ಯುಗಾದಿಗೆ ಮಲ್ಲಯ್ಯನ ಕಂಬಿ ಜೋಡಿ ಶ್ರೀಶೈಲಕ್ಕ ನಡಕೊಂಡ ಹೋಗ್ತಾರ್ರಿ. 64 ವಯಸ್ಸು. ಅಡವ್ಯಾಗ ಹರೇದ ಹುಡುಗೂರು ಕುಂತ್ರೂ ಇವರು ಕೂಡೂದಿಲ್ಲ. ಆದ್ರ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗಿಯಾಕ ನನ್ನ ಕರೀತಾರ, ಮಾಡದಾಗಿಂದ ಡಬ್ಬಿ ಇಳಸಾಕ ಆಗೂದಿಲ್ಲ. “ದೇವರು ಕಾಲಿಗಷ್ಟ ಕೊಟ್ಟಾನ” ಅಂತಾರ. ಇದೂ ಅದ ಏನ್ರಿ?

——

ತಿಲಕವಾಡಿ ಫಿಜಿಯೋ, ಬೆಳಗಾವಿ
ಜೂನ್ 11, ಮಧ್ಯಾಹ್ನ 2:30

ಅದೇ ರೀ. ನಡದದ್ದು ಕಾಲು, ಕೈ ಅಲ್ಲ. ಯಾವ ಖಂಡ ದುಡೀತದೋ ಅದಕ್ಕಷ್ಟೇ ಪಗಾರ. ಇನ್ನೊಂದು ಕಹಿ ಮಾತು: ನಾ ಹೇಳಿದ 2020ರ ವರದಿಯೊಳಗ ಹೆಂಗಸರ ತೊಡಿಯ ಗಾತ್ರಕ್ಕೂ ಬಲಕ್ಕೂ ಜೀವನಪೂರ್ತಿ ವ್ಯಾಯಾಮದಿಂದ ಲಾಭ ಕಾಣಲೇ ಇಲ್ಲ. ತೊಡಿಯೊಳಗ ಕೊಬ್ಬು ಸೇರೂದು ಮಾತ್ರ ಗಂಡಸು-ಹೆಂಗಸು ಇಬ್ಬರಲ್ಲೂ ಅರ್ಧದಷ್ಟು ಕಮ್ಮಿ ಇತ್ತು. ಅಧ್ಯಯನದಾಗ ಇದ್ದ ಅಂಥ ಹೆಂಗಸರು ಏಳೇ ಮಂದಿ, ಅದೂ ನೆನಪಿರಲಿ. ಆದ್ರೂ ನನ್ನ ಕೇಳಿದ್ರ ಭಾರ ಎತ್ತೂ ಕೆಲಸ ಗಂಡಸರಕಿಂತ ನಮ್ಮ ಅತ್ತಿಯಂದಿರಿಗೇ ಹೆಚ್ಚು ಬೇಕು. ಎಲುಬಿನ ಸವಕಳಿನೂ ಅವರಿಗೇ ಜಾಸ್ತಿ.

ಟಪಾಲು ಕಾಕಾ, ಎಲುಬಿನ ಮಾತು ಬಂತು ಅಂತ ಹೇಳ್ತೀನಿ: ಸೈಕಲ್ ಮ್ಯಾಲೆ ನಿಮ್ಮ ಭಾರ ಸೀಟು ಹೊರತದ, ಎಲುಬಿಗೆ ಪೆಟ್ಟು ಬೀಳೂದಿಲ್ಲ. ವರ್ಷಾನುಗಟ್ಟಲೆ ಸೈಕಲ್ ಒಂದನ್ನೇ ಮಾಡಿದವರಲ್ಲಿ ಎಲುಬಿನ ಸಾಂದ್ರತೆ ಕಮ್ಮಿ ಕಂಡಿದ್ದು ಉಂಟು. ತುಳಿಯುವಾಗ ಖಂಡ ಬರೇ ನೂಕ್ತದ, ಭಾರ ತಡಕೊಂತ ಸಾವಕಾಶ ಇಳಿಸೂದನ್ನ ಕಲಿಯೂದಿಲ್ಲ. ನೆಲಕ್ಕ ಕೂಡೂದು, ಮೆಟ್ಟಲಾ ಇಳಿಯೂದು ಅದೇ ಕೆಲಸ.

——

ಟಪಾಲು ಕಾಕಾ, ಬಾಗಲಕೋಟೆ
ಜೂನ್ 12, ಬೆಳಿಗ್ಗೆ 6:05

ಅಳದೇನ್ರಿ. ಸೊಸಿ ಕುಬಸಾ ಹೊಲಿಯೂ ಟೇಪು. ಮೀನಖಂಡ 33. ಕುರ್ಚಿ ಪರೀಕ್ಷೆ ಮದಲನೇ ಸಲ 15.5 ಸೆಕೆಂಡ್, ಮೊಮ್ಮಗಳು “ಅಜ್ಜಾ ನೀ ಕುರ್ಚಿ ಹಿಡದಿ” ಅಂತ ರದ್ದು ಮಾಡಿದ್ಲು. ಎರಡನೇ ಸಲ 16. ಎರಡೂ ಗೆರಿ ಆಚೆನೇ ಆತು. ರಕ್ತ ತೋರಿಸೇನಿ, ಡಿ ಜೀವಸತ್ವ ಕಮ್ಮಿ ಅಂದಾರ, ಗುಳಿಗಿ ಕೊಟ್ಟಾರ. ಈ ಸಲ ಬ್ಯಾರೆ ದವಾಖಾನಿ, ಕಾಲು ಮುಟ್ಟಿ ನೋಡಿದ್ರು. ಮನಸ್ಸಿಗೆ ಹಗರಾತು.

ಆ ತಾರಿನ ಮಾತು ನೆನಪಾತು. ತಾರು ಬಂತಂದ್ರ ನಾವೆಲ್ಲಾ ಉಣ್ಣೂದು ಬಿಟ್ಟು ಓಡ್ತಿದ್ವಿ. ಅರ್ಧ ತಾರು ಸಾವಿನವ. ಕೈಯಾಗ ಕಾಗದ ಹಿಡಕೊಂಡು ಬಾಗಲದಾಗ ನಿಂತ್ರ ಒಳಗಿನ ಮಂದಿ ನನ್ನ ಮಾರಿ ನೋಡೇ ಅಳಾಕ ಶುರು ಮಾಡ್ತಿದ್ರು. ಇರ್ಲಿ, ಅದು ಬ್ಯಾರೆ.

ಈಗ ಏನ ಮಾಡ್ಲಿ ಹೇಳ್ರಿ. ಜಿಮ್ಮಿಗೆ ಹೋಗಾಂವಲ್ಲ ನಾ, ಅಲ್ಲಿ ಹಾಡು ಭಾಳ ಜೋರ ಹಚ್ಚಿರ್ತಾರ. ಮತ್ತ ತಿನ್ನೂದು: ಮುಂಜಾನೆ ಚಾ, ಉಪ್ಪಿಟ್ಟು. ಮಧ್ಯಾಹ್ನ ಎರಡ ರೊಟ್ಟಿ, ಪಲ್ಯ, ಮಜ್ಜಿಗಿ. ರಾತ್ರಿ ಒಂದ ರೊಟ್ಟಿ, ಒಂದಿಷ್ಟು ಅನ್ನ ಮಜ್ಜಿಗಿ. ತೂಕ 57. ತತ್ತಿ ನಮ್ಮ ಮನ್ಯಾಗ ನಡಿಯೂದಿಲ್ಲ.

——

ಚಂದರಗಿ ಹಳೇ ಹುಡುಗ
ಜೂನ್ 12, ಬೆಳಿಗ್ಗೆ 8:30

ಕಾಕಾ ಶರಣ್ರಿ. ನಾ ಚಂದರಗಿ ಕ್ರೀಡಾ ಶಾಲೆದಾಗ ಸೈಕಲ್ ಕಲ್ತಾಂವ, ಈಗ ಹುಡುಗೂರಿಗೆ ಕಲಿಸ್ತೀನಿ. ನಮ್ಮ ಕಾಲದಾಗ “ಭಾರ ಎತ್ತಿದ್ರ ಕಾಲು ಬಿಗೀತಾವ, ಸೈಕಲ್ ಓಡೂದಿಲ್ಲ” ಅಂತ ಹೆದರಸ್ತಿದ್ರು. ಪೂರ್ತಿ ಸುಳ್ಳಲ್ಲ, ಪೂರ್ತಿ ಖರೇನೂ ಅಲ್ಲ. 1980ರಾಗ ಹಿಕ್ಸನ್ ಅನ್ನಾಂವ ತೋರಿಸಿದ್ದ: ಭಾರ ಮತ್ತ ದಮ್ಮಿನ ವ್ಯಾಯಾಮ ಎರಡೂ ಜೋರಾಗಿ ಒಟ್ಟಿಗೆ ಮಾಡಿದ್ರ, ಕೆಲವು ವಾರ ಆದ ಮ್ಯಾಲೆ ಬಲ ಏರೂದು ನಿಲ್ತೈತಿ. ಆದ್ರ ಅಲ್ಲಿ ವಾರದಾಗ ಐದಾರು ದಿನ ಸಾಯೂವಷ್ಟು ಮಾಡಿಸಿದ್ದು. ನಿಮಗ ಭಾರದ ದಿನ ಬ್ಯಾರೆ, ಸೈಕಲ್ ದಿನ ಬ್ಯಾರೆ ಇಟ್ಟಕೊಂಡ್ರ ಸಾಕು. ಮಂಗಳಾರ, ಶುಕ್ರಾರ ಭಾರ. ಐತವಾರ ಕಲಾದಗಿ ಬಿಡಬ್ಯಾಡ್ರಿ.

ಮತ್ತ ಸೈಕಲ್ ಮ್ಯಾಲೇನೂ ತಾರು ಕಳಸಬಹುದು. ದಾರ್ಯಾಗ ಏರು ಬಂದ್ರ ಸೀಟಿನಿಂದ ಎದ್ದು ಹತ್ತು ಹನ್ನೆರಡು ತುಳಿತ ಜೋರ ತುಳೀರಿ, ಮತ್ತ ಸಾವಕಾಶ. ನಾಕೈದು ಸಲ. ಎದಿ ತೋರಿಸ್ಕೊಂಡು ಡಾಕ್ಟರ್ ಹೂಂ ಅಂದ ಮ್ಯಾಲೆ.

——

ತಿಲಕವಾಡಿ ಫಿಜಿಯೋ, ಬೆಳಗಾವಿ
ಜೂನ್ 12, ರಾತ್ರಿ 9:10

ಚಂದರಗಿ ತಮ್ಮ ಹೇಳಿದ್ದು ಸರಿ. ಭಾರದ ದಿನ ಇಷ್ಟು ಮಾಡ್ರಿ ಕಾಕಾ. ಕಟ್ಟಿ ಮೇಲೆ ಕೂಡ್ರಿ, ಏಳ್ರಿ. ಏಳೂದು ಚುರುಕು, ಕೂಡೂದು ಮನಸ್ಸಿನೊಳಗ ಮೂರು ಎಣಿಸಿಕೊಂತ. ಎಂಟು-ಹತ್ತು ಸಲ ಮಾಡಿದಾಗ ಕಡೀ ಎರಡು ತ್ರಾಸು ಅನಿಸಬೇಕು. ಅನಿಸದಿದ್ರ ಭಾರ ಸಾಲದು, ಎದಿಗೆ ಐದು ಕೇಜಿ ಜೋಳದ ಚೀಲ ಅವಚ್ಕೋರಿ. ಅದೂ ಸಸಾರ ಆದ ಮೇಲೆ ಕಟ್ಟಿ ಬಿಟ್ಟು ಅದಕಿಂತ ಗಿಡ್ಡ ಸ್ಟೂಲು, ಆಮೇಲೆ ಊಟದ ಮಣಿ. ಜೋಡಿಗೆ ಗ್ವಾಡಿಗೆ ಕೈ ಕೊಟ್ಟು ದಂಡದಂಗ ನೂಕೂದು, ಎರಡು ಕೈಯಾಗ ನೀರಿನ ಕೊಡ ಹಿಡಿದು ಅಂಗಳ ಸುತ್ತೂದು. ಉಸುರು ಬಿಗಿ ಹಿಡೀಬ್ಯಾಡ್ರಿ. ಇಷ್ಟೇ. ಉಳಿದದ್ದು ಯಾರಾದ್ರೂ ಹೇಳಿದ್ರ ಕೇಳಿಸ್ಕೊಳ್ರಿ, ಮಾಡಬ್ಯಾಡ್ರಿ.

ಊಟಕ್ಕ ಬರೂಣು. ಆರೋಗ್ಯವಂತ ಹಿರಿಯರಿಗೆ ದಿನಕ್ಕ ಪ್ರತಿ ಕೇಜಿ ತೂಕಕ್ಕ 1ರಿಂದ 1.2 ಗ್ರಾಂ ಪ್ರೋಟೀನ್ ಅಂತ ಹೇಳ್ತಾರ, ನಿಮಗ 57ರಿಂದ 68 ಗ್ರಾಂ. ನಿಮ್ಮ ತಾಟಿನ ಲೆಕ್ಕ ಹಾಕಿದೆ: ಒಂದು ಜೋಳದ ರೊಟ್ಟಿ ಆರು-ಏಳು ಗ್ರಾಂ, ಮೂರು ರೊಟ್ಟಿ ಇಪ್ಪತ್ತು. ಉಳಿದದ್ದೆಲ್ಲಾ ಸೇರಿ ನಲವತ್ತರ ಆಸುಪಾಸು. ರಾತ್ರಿ ಊಟದಾಗಂತೂ ಏನೂ ಇಲ್ಲ. ಮುದಿ ಖಂಡಕ್ಕ ಕಿವಿ ಮಂದ ಇರ್ತದ, ಚೂರುಚೂರು ಪ್ರೋಟೀನ್ ಕೊಟ್ರ ಕೇಳಿಸೂದಿಲ್ಲ, ಒಂದೊಂದು ಊಟಕ್ಕ ಇಪ್ಪತ್ತೈದರ ಹತ್ತಿರ ಬೇಕು. ಉಪ್ಪಿಟ್ಟಿನ ಜೋಡಿ ಒಂದು ಗ್ಲಾಸ್ ಹಾಲು, ಒಂದು ಮುಷ್ಟಿ ಶೇಂಗಾ. ಮಧ್ಯಾಹ್ನ ಬರೇ ಕಾಯಿಪಲ್ಯ ಅಲ್ಲ, ಹೆಸರುಕಾಳೋ ಮಡಕಿಕಾಳೋ ತಾಟುಗಟ್ಟಲೆ. ರಾತ್ರಿ ಝುಣಕ, ಗಟ್ಟಿ ಮೊಸರು. ಮೂತ್ರಪಿಂಡದ ತೊಂದ್ರಿ ಇದ್ದವರು ಮಾತ್ರ ಇದನ್ನ ನೋಡಿ ಶುರು ಮಾಡಬಾರದು. ಆ ಡಬ್ಬಿ ವಿಷ ಅಲ್ಲ, ಆದ್ರ ಎರಡು ಸಾವಿರದ ನಾನೂರಕ್ಕ ಎಷ್ಟು ಶೇಂಗಾ ಬರ್ತಾವ ಅಂತ ಬಾಗಲಕೋಟಿ ಸಂತಿಯಾಗ ಕೇಳ್ರಿ.

——

ಗರಡಿ ಮನಿ ಮುದುಕ, ಜಮಖಂಡಿ
ಜೂನ್ 13, ಬೆಳಿಗ್ಗೆ 7:00

ಹಂಗಾರ ಟಪಾಲಪ್ಪ ಚೀಲ ಎತ್ತಲಿ, ನಾ ಸೈಕಲ್ ತುಳೀತೀನಿ. ಮೊಮ್ಮಗಂದು ಒಂದೈತಿ, ಸೀಟು ಸೂಜಿ ಆಗೇತಿ. ಕುಂತು ನೋಡ್ತೀನಿ.

——

ಟಪಾಲು ಕಾಕಾ, ಬಾಗಲಕೋಟೆ
ಸೆಪ್ಟೆಂಬರ್ 15, ಬೆಳಿಗ್ಗೆ 6:15

ಮೂರ ತಿಂಗಳಾತು. ಕೆಲವರು ಕೇಳಿದ್ರಿ ಅಂತ ಬರದೀನಿ.

ಕುರ್ಚಿ ಪರೀಕ್ಷೆ ಈಗ 12.4. ಮೊಮ್ಮಗಳು 12.4 ಅಂದ್ರ 12.4, ಒಂದ ಚೂರು ಬಿಡೂದಿಲ್ಲ. ಮೀನಖಂಡ ಅಳದ್ರ ಅದ 33, ಸೊಸಿ ಟೇಪು ಹಿಗ್ಗಿಸಿ ಹಿಡದ್ರೂ 33. ಬ್ಯಾಸರಾಗಿ ಫಿಜಿಯೋ ತಂಗಿಗೆ ಬರದು ಕೇಳಿದೆ. ಮೊದಲ ತಿಂಗಳುಗಳೊಳಗ ಏರೂ ಬಲ ಹೆಚ್ಚಾಗಿ ನರದ್ದು, ಇದ್ದ ಎಳೆಗಳನ್ನ ಒಟ್ಟಿಗೆ ಕರಿಯೂದು ಮಿದುಳು ಕಲಿತೈತಿ, ದಪ್ಪ ಆಗೂದು ಹಿಂದಿಂದ ಸಾವಕಾಶ ಅಂದ್ರು. ಅಂದ್ರ ಆಫೀಸಿನಾಗ ಮಂದಿ ಹೆಚ್ಚಾಗಿಲ್ಲ, ಇದ್ದವರೇ ಟೈಮಿಗೆ ಬರಾಕ ಹತ್ಯಾರ.

ಶ್ರಾವಣದಾಗ ಮತ್ತೊಂದು ಪಂಕ್ತಿ ಇತ್ತು, ಓಣ್ಯಾಗಿನ ಗುಡ್ಯಾಗ. ಬೇಕಂತನ ನೆಲಕ್ಕ ಕುಂತೆ. ಏಳುವಾಗ ಎಡಗೈ ಊರಿದೆ, ಸುಳ್ಳು ಹೇಳೂದಿಲ್ಲ. ಆದ್ರ ಒಂದ ಸಲಕ್ಕ ಎದ್ದೆ, ಯಾರೂ ಬಗಲಾಗ ಕೈ ಹಾಕ್ಲಿಲ್ಲ. ಸಾರಿನ ಬಕೀಟು ಹಿಡಕೊಂಡಿದ್ದ ಹುಡುಗ ನನ್ನ ಕಡೆ ನೋಡ್ಲೂ ಇಲ್ಲ.

ಒಂದ ಅಡಚಣಿ. ಹತ್ತು ಕೇಜಿ ಜೋಳದ ಚೀಲ ಎದಿಗೆ ಅವಚಿ ಅವಚಿ ಮೂಲ್ಯಾಗ ಹೊಲಿಗಿ ಬಿಟ್ಟೈತಿ. ಹೋದ ಶುಕ್ರಾರ ಎಂಟನೇ ಸಲ ಏಳುವಾಗ ಪಡಸಾಲಿ ತುಂಬ ಜೋಳ. ಮನಿಯಾಕಿ ಅವನ್ನ ಆರಿಸಿಕೊಂತ “ಬೀಸಾಕ ಇಟ್ಟಿದ್ದ ಜೋಳಕ್ಕೂ ಡ್ಯೂಟಿ ಹಚ್ಚೀರೇನ” ಅಂದ್ಲು. ಈಗ ಹಳೇ ಟಪಾಲು ಚೀಲ ತಗದು ಅದರಾಗ ಉಸುಕು ತುಂಬೇನಿ. ಹನ್ನೆರಡು ಕೇಜಿ ಹಿಡದೈತಿ. ಚಂದರಗಿ ತಮ್ಮ, ಉಸುಕು ಒಂದ ಕಡೆ ಸರೀತೈತಿ, ಭಾರ ಸಮಾ ಬರಾಂಗ ಮಾಡೂದು ಹೆಂಗ?